ಒದ್ದೆ ಡಬ್ಬಿ

ಅಕ್ಕ ಮೂಗು ಮುಚ್ಚಿಕೊಂಡು ಡಬ್ಬಿಯನ್ನು ಸಿಂಕಿನೊಳಗೆ ಬಗ್ಗಿಸುವಷ್ಟರಲ್ಲಿ ನಲ್ಲಿ ಮೇಸ್ತ್ರಿ ಅವಳ ಮಣಿಕಟ್ಟು ಹಿಡಿದುಕೊಂಡ.

“ಬಿಡು ಅಕ್ಕ.”

“ಫ್ರಿಜ್ಜಲ್ಲಿ ಏನೋ ಕೊಳೆತುಹೋಗಿದೆ ಕಣೋ. ನೋಡಿಲ್ಲಿ, ಕೆಂಪು, ಕಂದು, ಎಲ್ಲಾ ಥರದ ಬೂಷ್ಟು ಬಂದಿದೆ. ಜನ ಬರೋ ಹೊತ್ತು.”

“ಅದು ಬೂಷ್ಟಲ್ಲ. ಬಣ್ಣ. ಅವಳದು.”

ಅಕ್ಕ ಡಬ್ಬಿಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. ಮುಂದಿನ ಕೋಣೆಯಲ್ಲಿ ತಮ್ಮನ ಹೆಂಡತಿಯನ್ನು ಮಲಗಿಸಿದ್ದರು. ಯಾರೋ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದರು. ಸಾವಿನ ಮನೆಯಲ್ಲಿ ಹಟ ಹಿಡಿದವರ ಜೊತೆ ವಾದಕ್ಕಿಳಿಯಬಾರದೆಂದು ಅವಳಿಗೂ ಗೊತ್ತು, ಆದರೆ ಹುಟ್ಟುಗುಣ ಬಿಡಬೇಕಲ್ಲ. “ಊಟದ ಡಬ್ಬೀಲಿ ಬಣ್ಣ ತುಂಬಿ ಫ್ರಿಜ್ಜಲ್ಲಿಡೋ ಮನೆ ಇದೊಂದೇ ಇರಬೇಕು,” ಎಂದು ಗೊಣಗುತ್ತ ಒರೆಸುವ ಬಟ್ಟೆ ಹುಡುಕಿಕೊಂಡು ಹೋದಳು.

ಡಬ್ಬಿಯೊಳಗಿನ ಕಾಗದದ ಅಂಚು ಸುರುಟತೊಡಗಿತ್ತು. ಮೇಸ್ತ್ರಿ ಚಮಚದಲ್ಲಿ ನೀರು ಹಿಡಿದು, ಕಾಗದದ ಮೂಲೆಯೆತ್ತಿ, ಬಣ್ಣಕ್ಕೆ ತಾಗದಂತೆ ಕೆಳಗೆ ಇಳಿಬಿಟ್ಟ. ಆಸ್ಪತ್ರೆಯ ಮಂಚದಿಂದ ಅವಳು ದಿನವೂ ಕೇಳುತ್ತಿದ್ದುದು ಇದನ್ನೇ: “ರೀ, ಡಬ್ಬಿಗೆ ನೀರು ಹಾಕಿದ್ರಾ?” ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಬಣ್ಣ ಹಸಿಯಾಗಿದ್ದರೆ ಅವಳು ಬಂದು ಕುಂಚ ಹಿಡಿದೇ ಹಿಡಿಯುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈಗ ಅವಳು ಬರುವಂತಿರಲಿಲ್ಲ. ಆದರೂ ಡಬ್ಬಿಯನ್ನು ಒಣಗಲು ಬಿಡುವುದಕ್ಕೆ ಅವನಿಂದ ಆಗಲಿಲ್ಲ. ಮುಚ್ಚಳ ಒತ್ತಿ, ಅದನ್ನು ಫ್ರಿಜ್ಜಿನ ಹಿಂಭಾಗಕ್ಕೆ, ಅಕ್ಕನ ಕೈಗೆ ಎಟುಕದಂತೆ ತಳ್ಳಿದ.

* * *

ಲಾಂಡ್ರಿಯ ಕೌಂಟರಿನಲ್ಲೇ ಮೇಸ್ತ್ರಿಯ ಹೆಂಡತಿಯ ಅರ್ಧ ಆಯುಷ್ಯ ಕಳೆದಿತ್ತು. ಬಂದ ಬಟ್ಟೆ ತಿರುವಿ, ಕಲೆ ಹುಡುಕಿ, ಚೀಟಿ ಚುಚ್ಚುವ ಕೆಲಸ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಇನ್ನೊಂದು. ಆಟಿಕೆ ರೈಲಿನ ಅಂಗಡಿಯವನು ಅರ್ಧ ಹೆಬ್ಬೆರಳಿನಷ್ಟು ಎತ್ತರದ ಬಿಳಿ ಗೊಂಬೆಗಳನ್ನು ಕೊಡುತ್ತಿದ್ದ. ಪುಟ್ಟ ನಿಲ್ದಾಣದಲ್ಲಿ ರೈಲು ಕಾಯುವ ಪ್ರಯಾಣಿಕರು. ಅವಕ್ಕೆ ಅಂಗಿ, ಕೋಟು, ಮುಖ ಬರೆಯುವವಳು ಇವಳು. ಲಾಂಡ್ರಿಗೆ ಬಂದ ಕೋಟುಗಳೇ ಗೊಂಬೆಗಳ ಮೈಮೇಲೂ ಕಾಣಿಸಿಕೊಳ್ಳುತ್ತಿದ್ದವು, ಕೆಲವೊಮ್ಮೆ ಜೇಬಿನ ಮಸಿಯ ಸಮೇತ.

“ಹಗಲೆಲ್ಲ ಕಲೆ ತೆಗೀತೀಯ, ಸಂಜೆ ಆದ್ರೆ ಕಲೆ ಕಲೆ ಅಂತ ಕೂರ್ತೀಯ,” ಎಂದು ಮೇಸ್ತ್ರಿ ಕಾಲೆಳೆಯುತ್ತಿದ್ದ.

“ಎರಡೂ ಒಂದೇ ಕಣ್ರೀ. ಎಲ್ಲಿರಬೇಕೋ ಅಲ್ಲಿರಬೇಕು ಅಷ್ಟೇ.”

ಒಂದೇ ತೊಂದರೆ. ತಟ್ಟೆಯಲ್ಲಿ ಕಲಸಿದ ಬಣ್ಣ ಒಂದು ಮುಖ ಮುಗಿಯುವ ಮೊದಲೇ ಒಣಗಿ ಚಕ್ಕೆಯೇಳುತ್ತಿತ್ತು. ಮತ್ತೆ ಕಲಸಿದರೆ ಅದೇ ಬಣ್ಣ ಬರುತ್ತಿರಲಿಲ್ಲ. ಒಂದು ಸಂಜೆ ಅವಳು ಕುಂಚ ಕೆಳಗಿಟ್ಟು, “ಊರಿಗೆಲ್ಲ ನೀರು ಬರೋ ಹಾಗೆ ಮಾಡ್ತೀರಿ, ಹೆಂಡ್ತಿದು ಒಂದು ತಟ್ಟೆ ಒದ್ದೆಯಾಗಿಡೋಕೆ ಆಗಲ್ವಾ?” ಎಂದಳು. ಮಾತು ನಾಟಿತು.

ಮಾರನೆಯ ದಿನ ಮೇಸ್ತ್ರಿ ಬಿಗಿ ಮುಚ್ಚಳದ ಚಪ್ಪಟೆ ಊಟದ ಡಬ್ಬಿಯೊಂದನ್ನು ಆರಿಸಿದ. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ತೆಳ್ಳಗೆ ಸೀಳಿ, ನೆನೆಸಿ, ತಳಕ್ಕೆ ಹಾಸಿದ. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಒಂದು ಹನಿಯೂ ಮೇಲೆ ಬಾರದಂತೆ ಕೂರಿಸಿ, ಬಹಳ ಹೆಮ್ಮೆಯಿಂದ ಅವಳ ಮುಂದಿಟ್ಟ. ಬಣ್ಣ ಎಂದಿನಂತೆ ಒಣಗಿತು.

“ಕೆಳಗೆ ಅಷ್ಟು ನೀರಿದೆಯಲ್ಲೇ. ಮತ್ತೆ ಯಾಕೆ ಒಣಗುತ್ತೆ?”

“ನೀವು ಹಾಳೆ ಹಾಕಿ ನೀರನ್ನ ಅಲ್ಲೇ ಕಟ್ಟಿಹಾಕಿದೀರಿ. ಸ್ವಲ್ಪ ಸೋರಬೇಕ್ರೀ.”

“ಸೋರಬೇಕಾ?”

ಸೋರುವುದನ್ನು ನಿಲ್ಲಿಸಿಯೇ ಅನ್ನ ತಿಂದವನಿಗೆ ಅದು ಬೈಗುಳದಂತೆ ಕೇಳಿತು. ಆದರೂ ಬಿಡಲಿಲ್ಲ. ಹಾಳೆ ತೆಗೆದು ಕೈ ಒರೆಸುವ ಕಾಗದ ಹಾಸಿದ. ನೀರು ಉಕ್ಕಿ ಬಣ್ಣವೆಲ್ಲ ಕೆಸರಾಯಿತು. ಕೊನೆಗೆ ಬೇಕರಿಯವನ ಹತ್ತಿರ ಬಟರ್ ಪೇಪರ್ ಕೇಳಿ ತಂದು ಹಾಸಿದಾಗ, ತೇವ ಬೇಕಾದಷ್ಟೇ ಮೇಲೆ ಬಂತು. ನೀರು ವಾಸನೆ ಬಾರದಿರಲೆಂದು ಮೂಲೆಯಲ್ಲಿ ತಾಮ್ರದ ಪೈಪಿನ ತುಂಡೊಂದನ್ನೂ ಸೇರಿಸಿದ. ಮರುದಿನ ಸಂಜೆ ಅವಳು ಮುಚ್ಚಳ ತೆಗೆದು ಕುಂಚದ ತುದಿ ತಾಗಿಸಿ, “ನಿನ್ನೆ ಬಣ್ಣ ಇನ್ನೂ ಹಸಿ ಇದೆ ಕಣ್ರೀ,” ಎಂದು ನಕ್ಕಳು. ಬೇಕಂತಲೇ ಮಾಡಿದ ಮೊದಲ ಸೋರಿಕೆ ಎಂದು ಅವನು ತಿಂಗಳುಗಟ್ಟಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

* * *

ಬಂದವರಲ್ಲಿ ಲಾಂಡ್ರಿ ಮಾಲೀಕ ಎಲ್ಲರಿಗಿಂತ ಹೆಚ್ಚು ಅತ್ತ. “ಕಲೆ ನೋಡಿದ್ರೆ ಸಾಕು, ಯಾರ ಅಂಗಿ ಅಂತ ಹೇಳ್ತಿದ್ರು,” ಎಂದ ಮೂಗೊರೆಸಿಕೊಳ್ಳುತ್ತ. “ಯಾರ ಮನೇಲಿ ಜಗಳ ಆಗಿ ಚಹಾದ ಲೋಟ ಹಾರಿದೆ ಅನ್ನೋದೂ ಗೊತ್ತಾಗ್ತಿತ್ತು ಅವರಿಗೆ. ಒಂದಿನ ಬಾಯಿ ಬಿಟ್ಟೋರಲ್ಲ.”

“ನಮ್ಮನೇದು ಗೊತ್ತಿದ್ದಿರಬೇಕು,” ಎಂದು ಹಿಂದಿನ ಕುರ್ಚಿಯಿಂದ ಅವನ ಹೆಂಡತಿ ಹೇಳಿದ್ದು ಕೇಳಿ ಒಂದಿಬ್ಬರು ಕೆಮ್ಮಿದರು.

ಆಟಿಕೆ ರೈಲಿನ ಅಂಗಡಿಯವನು ಬಾಗಿಲ ಹತ್ತಿರವೇ ನಿಂತಿದ್ದ. ಮೇಸ್ತ್ರಿ ತಾನೇ ಹೋಗಿ ಮಾತಾಡಿಸಿದ. “ನಿಮ್ಮದೊಂದು ಗೊಂಬೆ ಅರ್ಧಕ್ಕೇ ನಿಂತಿದೆ. ಬಟ್ಟೆ ಎಲ್ಲ ಆಗಿದೆ, ಮುಖ ಆಗಿಲ್ಲ.”

“ನಂದೆಲ್ಲ ತಂದುಕೊಟ್ಟಿದಾರೆ ಮೇಸ್ತ್ರಿ. ಆ ಒಂದನ್ನ ಮಾತ್ರ, ಇದು ನಂಗಿರಲಿ ಅಂತ ಕೇಳಿ ತಗೊಂಡ್ರು. ಯಾಕೆ ಅಂತ ನಾನು ಕೇಳಲಿಲ್ಲ.”

ಅಷ್ಟರಲ್ಲಿ ವಾಹನ ಬಂತು. ಎಲ್ಲರೂ ಎದ್ದರು.

* * *

ಮಣ್ಣು ಮುಗಿಸಿ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಇಳಿಬಿಸಿಲಿತ್ತು. ಮಗಳು ಸೀಸೆಯ ಬಿರಡೆಗೆ ಅಂಟಿಸಿದ್ದ ಗೊಂಬೆಯನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದಳು. ಸಲಕರಣೆ ಪೆಟ್ಟಿಗೆಯ ಮೇಲೆ ಕೂತ ಗಂಡಸು. ನೀಲಿ ಅಂಗಿ, ಮಡಚಿದ ತೋಳು, ಮೊಣಕಾಲಿನ ಮೇಲೆ ಕೈ. ಮುಖ, ಕೈ ಎರಡೂ ಬಿಳಿ. ಚಿಕ್ಕಂದಿನಲ್ಲಿ ಗೊಂಬೆಗಳ ಬೂಟಿಗೆ ಕಪ್ಪು ಹಚ್ಚುವುದು ಅವಳ ಪಾಲಿನ ಕೆಲಸವಾಗಿತ್ತು. ಮುಖ ಮಾತ್ರ ಅಮ್ಮನೇ ಬರೆಯಬೇಕು.

“ಅಪ್ಪ, ಡಬ್ಬಿ ಎಲ್ಲಿ? ಇದನ್ನ ಮುಗಿಸಿಬಿಡ್ತೀನಿ.”

“ಬೇಡ.”

“ಅಮ್ಮ ತನಗೆ ಅಂತ ಇಟ್ಕೊಂಡಿದ್ದು ಇದೊಂದೇ. ಹೀಗೇ ಬಿಡೋದಾ?”

“ಅವಳು ಕಲಸಿದ ಬಣ್ಣ ಅದು ಮಗಳೇ. ಅದೂ ಖಾಲಿಯಾದ್ರೆ ಈ ಮನೇಲಿ ಅವಳದು ಅಂತ ಹಸಿಯಾಗಿ ಏನೂ ಉಳಿಯಲ್ಲ.” ಹೇಳುವಾಗ ಅವನ ದನಿ ಒಡೆಯಿತು.

ಮಗಳು ಬಿರಡೆ ಕೆಳಗಿಟ್ಟು ಅವನ ಪಕ್ಕಕ್ಕೆ ಬಂದು ಕೂತಳು. “ನೀನು ಎಷ್ಟೇ ನೀರು ಹಾಕು, ಒಂದಿನ ಅದು ಹಾಳಾಗುತ್ತೆ ಅಪ್ಪ. ಆಗ ಅತ್ತೆ ಹೇಳಿದ್ದೇ ನಿಜ ಆಗುತ್ತೆ. ಬೂಷ್ಟು.”

ಮೇಸ್ತ್ರಿಗೆ ಅಳುವಿನ ನಡುವೆಯೂ ನಗು ಬಂತು. ಎದ್ದು ಹೋಗಿ ಫ್ರಿಜ್ಜಿನಿಂದ ಡಬ್ಬಿ ತಂದ.

ಕಾಗದದ ಮೇಲೆ ಕಂದು ಬಣ್ಣದ ಚುಕ್ಕೆಗಳು ಒತ್ತೊತ್ತಾಗಿದ್ದವು, ಒಂದರಂತೆ ಇನ್ನೊಂದಿಲ್ಲ. ಅವಳು ಯಾವುದೋ ಒಂದಕ್ಕಾಗಿ ಹುಡುಕಾಡಿದ್ದಳು. “ಮುಖಕ್ಕೆ ಅಂತ ಯಾವುದನ್ನ ಇಟ್ಟಿದ್ಲೋ,” ಎನ್ನುತ್ತ ಮಗಳು ಕುಂಚ ಅದ್ದಿ, ಹಚ್ಚಿ ನೋಡಲು ತನ್ನ ಮುಂಗೈ ಚಾಚಿದಳು.

“ನನ್ನ ಕೈ ಮೇಲೆ ಹಚ್ಚು. ನಿನ್ನ ಕೈಗೆ ಕೆಲಸ ಇದೆ.”

ಮೊದಲನೆಯದು ಅವನ ಮುಂಗೈ ಮೇಲೆ ಸುಟ್ಟ ಗಾಯದಂತೆ ಕೆಂಪಗೆ ಕಂಡಿತು. ಇನ್ನೊಂದು ತೀರಾ ಹಳದಿ. ಅದರ ಪಕ್ಕದ್ದು ಪರವಾಗಿಲ್ಲ, ಆದರೆ ಮಂಕು. ಮಗಳು ಕುಂಚ ತೊಳೆದು, ತಾಮ್ರದ ತುಂಡಿನ ಹತ್ತಿರ ಬೇರೆಯಾಗಿಯೇ ಇದ್ದ ಚುಕ್ಕೆಯಿಂದ ಸ್ವಲ್ಪ ತೆಗೆದು ಹಚ್ಚಿದಳು.

“ಎಲ್ಲಿ ಹಚ್ಚಿದೆ?” ಎಂದ ಮೇಸ್ತ್ರಿ.

ಮಗಳು ಕುಂಚದ ತುದಿಯಿಂದ ಅವನ ಮುಂಗೈ ತೋರಿಸಿದಳು. ಅವನು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದ. ಆಮೇಲೆ ಇನ್ನೊಂದು ಕೈಯ ಬೆರಳಿನಿಂದ ಮೆಲ್ಲಗೆ ತಡವಿದ. ಬೆರಳಿಗೆ ತಣ್ಣಗೆ ತೇವ ತಾಗಿತು. ಬಣ್ಣ ಮಾತ್ರ ಅವನ ಕೈಯಲ್ಲಿ ಎಲ್ಲಿದೆಯೆಂದು ಕಾಣಲೇ ಇಲ್ಲ.