ಹಂಚಿಕೊಂಡ ಕರೆಂಟು

ಕಾಲು ಸುಟ್ಟ ಬೆಕ್ಕಿನ ಹಾಗೆ ಅಕ್ಕ ತನ್ನ ಕಾರಿನ ಸುತ್ತ ತಿರುಗುತ್ತಿದ್ದಳು. ಹೆದ್ದಾರಿ ಪಕ್ಕದ ಆ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕೂರಲು ಬೆಂಚಿತ್ತು, ಕುಡಿಯಲು ಕಾಫಿಯಿತ್ತು. ಅವಳಿಗೆ ಎರಡೂ ಬೇಡ. ನಾಲ್ಕು ಗಂಟೆಗೆ ಅಮ್ಮನ ಹೃದಯದ ಆಪರೇಷನ್. "ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ಮುಖ ತೋರ್ಸು" ಎಂದು ಅಮ್ಮ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು. ಎಂದೂ ಏನನ್ನೂ ಕೇಳದ ಹೆಂಗಸು ಕೇಳಿದ್ದು ಇದೊಂದನ್ನೇ. ಇವಳೋ, ಗಡಿಬಿಡಿಯಲ್ಲಿ ಬ್ಯಾಟರಿ ಕಡೆ ನೋಡದೆಯೇ ಹೊರಟುಬಂದಿದ್ದಳು.

ಆದರೂ ಲೆಕ್ಕ ಸರಿಯಿತ್ತು. ಅರವತ್ತು ಪರ್ಸೆಂಟ್ ಆದರೆ ಆಸ್ಪತ್ರೆ ಮುಟ್ಟಬಹುದು. ಪರದೆಯ ಮೇಲೆ ಅಂಕಿ ಚುರುಕಾಗಿ ಏರುತ್ತಿತ್ತು. ಮೂವತ್ತೆಂಟಕ್ಕೆ ಬಂದದ್ದೇ ತಡ, ಅದಕ್ಕೆ ಸುಸ್ತು ಹೊಡೆಯಿತು.

ಯಂತ್ರ ಒಂದೇ, ಕೇಬಲ್ ಎರಡು. ಆ ಬದಿಗೆ ಇನ್ನೊಂದು ಕಾರು ಬಂದರೆ ಇರುವ ಕರೆಂಟನ್ನೇ ಎರಡೂ ಪಾಲು ಮಾಡಿಕೊಳ್ಳಬೇಕು. ಯಾವ ಶನಿ ಬಂದು ವಕ್ಕರಿಸಿತು ಎಂದು ಅಕ್ಕ ಯಂತ್ರದ ಆಚೆಗೆ ಇಣುಕಿದಳು. ಅಲ್ಲಿ ಕಾರಿಗೆ ಕೇಬಲ್ ಚುಚ್ಚಿ ನಿಂತಿದ್ದವಳು ಒಡಹುಟ್ಟಿದ ತಂಗಿ.

ಮೂರು ವರ್ಷದಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಅಮ್ಮ ಆರು ತಿಂಗಳು ಇವಳ ಮನೆ, ಆರು ತಿಂಗಳು ಅವಳ ಮನೆ. ಕರೆದೊಯ್ಯುವುದಕ್ಕೂ ಬಿಡುವುದಕ್ಕೂ ಗಂಡಂದಿರೇ ಓಡಾಡಬೇಕು. "ಅಕ್ಕ ಅಮ್ಮನ್ನ ನೋಡ್ಕೊಳ್ಳೋದು ನಾಲ್ಕು ಜನ ನೋಡ್ಲಿ ಅಂತ" ಎಂದು ತಂಗಿ ನೆಂಟರ ಮುಂದೆ ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕನೇನು ಕಡಿಮೆಯೇ? ಒಂದಕ್ಕೆ ಹತ್ತು ಸೇರಿಸಿ ತಿರುಗಿ ಕೊಟ್ಟಿದ್ದಳು.

ಈಗ ಒಬ್ಬಳು ಕೇಬಲ್ ಕಿತ್ತು ಇನ್ನೊಬ್ಬಳ ಕಾರು ಹತ್ತಿದರೆ ಇಬ್ಬರಿಗೂ ಅಮ್ಮ ಸಿಗುತ್ತಾಳೆ. ಚಿಕ್ಕ ಮಗುವಿಗೂ ಹೊಳೆಯುವ ಲೆಕ್ಕ. ಆದರೆ ಮೊದಲು ಬಾಯಿ ಬಿಡುವವರು ಯಾರು? ಇಬ್ಬರೂ ಯಂತ್ರದ ಎರಡು ಬದಿಯಲ್ಲಿ ಶತಪಥ ಹಾಕಿದರು. ಇವಳು ಅತ್ತ ತಿರುಗಿದರೆ ಅವಳು ಇತ್ತ ತಿರುಗಿದಳು. ಇಷ್ಟು ಹಟಕ್ಕೆ ಬಹುಮಾನವಿದ್ದರೆ ಮನೆತುಂಬ ಕಪ್ಪುಗಳಿರುತ್ತಿದ್ದವು.

ಆಗ ಆಸ್ಪತ್ರೆಯ ನರ್ಸ್ ಅಕ್ಕನಿಗೆ ಫೋನ್ ಮಾಡಿದಳು. "ಡಾಕ್ಟರ್ ಬೇಗ ಬಂದಿದ್ದಾರೆ. ಮೂರೂವರೆಗೇ ಒಳಗೆ ಕರ್ಕೊಂಡು ಹೋಗ್ತೀವಿ."

ಬೆನ್ನಿಗೇ ಆಚೆ ಬದಿಯ ಫೋನೂ ಬಡಿದುಕೊಂಡಿತು. ಅದೇ ಸುದ್ದಿ ಕೇಳಿಸಿಕೊಂಡ ತಂಗಿ ಹಾಗೇ ಕಾರಿಗೆ ಒರಗಿ ನಿಂತಳು. ಅಕ್ಕನಿಗೆ ನಾಚಿಕೆಯಾಯಿತು. ಯಂತ್ರವನ್ನು ಸುತ್ತಿಕೊಂಡು ಹೋದಳು.

"ನಿಂದು ಎಷ್ಟಾಯ್ತು?"

"ಹದಿನಾರು." ತಂಗಿ ಪರದೆಯತ್ತ ಕೈ ತೋರಿಸಿದಳು. "ಯಾವ ಜನ್ಮಕ್ಕೂ ಮುಟ್ಟಲ್ಲ."

"ಕಿತ್ತಾಕು ಅದನ್ನ. ನನ್ನ ಕಾರಲ್ಲಿ ಬಾ."

"ಕರೆಯೋದೂ ಬೈಕೊಂಡೇನಾ?"

"ಇನ್ನೇನು, ಪತ್ರಿಕೆ ಹಂಚಿ ಕರೀಬೇಕಾ?"

ತಂಗಿ ಕೇಬಲ್ ಕಿತ್ತಳು. ಅಂಕಿ ಮತ್ತೆ ಓಡತೊಡಗಿತು. ಒಬ್ಬರ ಮುಖ ಒಬ್ಬರು ನೋಡುವುದು ಬೇಡವೆಂದು ಇಬ್ಬರೂ ಅದನ್ನೇ ನೋಡುತ್ತ ನಿಂತರು. ಐವತ್ತೈದಾಗುವಷ್ಟರಲ್ಲಿ ಅಕ್ಕನ ತಾಳ್ಮೆ ಮುಗಿಯಿತು. ಎಸಿ ಆರಿಸಿ ಹೊರಟರು. ದಾರಿಯುದ್ದಕ್ಕೂ ಅಕ್ಕ ರಸ್ತೆ ನೋಡಿದಳು, ತಂಗಿ ಪರ್ಸೆಂಟ್ ನೋಡಿದಳು. ಹಳೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಆಸ್ಪತ್ರೆ ತಲುಪಿದಾಗ ಸ್ಟ್ರೆಚರ್ ಆಗಲೇ ಥಿಯೇಟರಿನ ಬಾಗಿಲ ಬಳಿಯಿತ್ತು. ಇಬ್ಬರೂ ಏದುಸಿರು ಬಿಡುತ್ತ ಓಡಿಬಂದರು. ಅಮ್ಮ ಅಕ್ಕನನ್ನು ನೋಡಿದಳು, ನಕ್ಕಳು. ಅವಳ ಪಕ್ಕದಲ್ಲಿ ತಂಗಿಯನ್ನು ಕಂಡಳು. ನಗು ಅಲ್ಲೇ ನಿಂತಿತು.

"ಇಬ್ರೂ ಒಟ್ಟಿಗೆ ಬಂದ್ರಾ?" ಎಂದು ಅಕ್ಕನ ಮಣಿಕಟ್ಟು ಹಿಡಿದುಕೊಂಡಳು. "ಡಾಕ್ಟರ್ ನಂಗೆ ಹೇಳ್ದೇ ಇರೋದು ನಿಮ್ಗೇನು ಹೇಳಿದ್ರು? ನಿಜ ಹೇಳಿ. ನಾನು ಉಳಿಯಲ್ವಾ?"

ಅಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಹಾಗೇನಿಲ್ಲಮ್ಮ," ಎಂದಳು ತಂಗಿ, ಅಳುತ್ತ. "ಕಾರಲ್ಲಿ ಚಾರ್ಜ್ ಸಾಲ್ಲಿಲ್ಲ, ಅಷ್ಟೇ."

ಅಮ್ಮ ನಂಬಲಿಲ್ಲ. ಬಾಗಿಲು ಮುಚ್ಚುವವರೆಗೂ ಕತ್ತು ತಿರುಗಿಸಿ ಇಬ್ಬರ ಮುಖವನ್ನೂ ಒಂದೊಂದಾಗಿ ನೋಡುತ್ತಲೇ ಇದ್ದಳು.