ಸುಂಕದ ಮನೆಯ ನೆಲಮಾಳಿಗೆ

ಹಳೆಯ ಬಂದರಿನ ಓಣಿಗಳಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ ಕಥೆ ಹೇಳುವುದು ಅವಳ ಕೆಲಸ. ನಾವಿಕರ ಛತ್ರ, ದೀಪಸ್ತಂಭ ಎಲ್ಲ ತೋರಿಸಿ ಕೊನೆಗೆ ಸುಂಕದ ಮನೆಯ ನೆಲಮಾಳಿಗೆಗೆ ಇಳಿಸುತ್ತಿದ್ದಳು. ಕಳ್ಳಸಾಗಣೆಯವರನ್ನು ಹಿಂದೆ ಅಲ್ಲಿ ಕೂಡಿಹಾಕುತ್ತಿದ್ದರಂತೆ. ಲಾಟೀನು ಆರಿಸಿ, ಗೋಡೆಗೆ ಕಿವಿಯಿಡಿ ಎನ್ನುವಳು. ಕಲ್ಲಿನಾಚೆ ಸಮುದ್ರದ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಜನ ಮೈ ಜುಮ್ಮೆನಿಸಿಕೊಂಡು, ನಗುತ್ತ ಮೇಲೆ ಬರುತ್ತಿದ್ದರು.

ಆ ವಾರ ಮಾತ್ರ ಕಿವಿಯಿಡುವ ಅಗತ್ಯವೇ ಬೀಳಲಿಲ್ಲ. ನೆಲಮಾಳಿಗೆಯ ನಡುವೆ ನಿಂತರೂ ಆ ಸದ್ದು ಕೇಳಿಸುತ್ತಿತ್ತು. ಗೋಡೆಯ ಬುಡ ಒದ್ದೆಯಾಗಿತ್ತು. ಮೈದುನ ಬಂದರಿನಲ್ಲಿ ಹೂಳೆತ್ತುವ ಯಂತ್ರದ ಮೇಲೆ ಕೆಲಸಕ್ಕಿದ್ದ. ಬೆಳಿಗ್ಗೆ ತಿಂಡಿ ಬಡಿಸುವಾಗ ಅವನನ್ನು ವಿಚಾರಿಸಿದಳು. ದೊಡ್ಡ ಹಡಗು ಬರಬೇಕಂತೆ, ಸುಂಕದ ಮನೆಯ ಹಳೇ ಗೋಡೆಯ ಬುಡದವರೆಗೂ ಅಗೆಯಲು ಹೇಳಿದ್ದಾರೆ ಎಂದ ಅವನು, ತಟ್ಟೆಯಿಂದ ತಲೆ ಎತ್ತದೆ.

ಅವಳು ನೇರವಾಗಿ ಪ್ರವಾಸ ನಡೆಸುವ ಮಾಲೀಕರ ಬಳಿಗೆ ಹೋಗಿ, ಇವತ್ತು ನೆಲಮಾಳಿಗೆ ಬೇಡ ಎಂದಳು. ಅವರು ಕೆಟ್ಟ ಮನುಷ್ಯರೇನಲ್ಲ. ಕಸ ತುಂಬಿದ್ದ ಆ ಜಾಗವನ್ನು ಸ್ವಂತ ಕೈಯಿಂದ ಗುಡಿಸಿ ಒಪ್ಪ ಮಾಡಿದವರು, ಒಂದೊಂದು ಲಾಟೀನನ್ನೂ ಹುಡುಕಿ ತಂದವರು.

"ಭಯ ಆದ್ರೆ ಅದನ್ನೂ ಕಥೆಗೆ ಸೇರಿಸ್ಕೊಳಮ್ಮ, ಜನಕ್ಕೆ ಇಷ್ಟವಾಗುತ್ತೆ" ಎಂದು ನಕ್ಕರು. ಅವಳು ತಪ್ಪಿಸಿಕೊಳ್ಳಬಾರದೆಂದು ಆ ದಿನ ತಾವೇ ಜೊತೆಗೆ ಹೊರಟರು.

ಗುಂಪಿನಲ್ಲಿ ಸೊಸೆಯ ಕೈ ಹಿಡಿದು ನಡೆಯುವ ಒಬ್ಬ ಮುದುಕಿಯಿದ್ದರು. ಕಿವಿ ಪೂರಾ ಮಂದ. ಸೊಸೆ ಸನ್ನೆಯಲ್ಲಿ ಕಥೆ ದಾಟಿಸುತ್ತಿದ್ದಳು. ಕೆಳಗಿಳಿದು ಲಾಟೀನು ಆರಿಸುವ ಮೊದಲೇ ಮುದುಕಿ ಗೋಡೆಗೆ ಅಂಗೈ ಇಟ್ಟರು, ಸರಕ್ಕನೆ ಹಿಂದೆಗೆದರು.

"ನಂಗೆ ಗುಡುಗಿದ್ರೂ ಕೇಳಲ್ಲ" ಎಂದರು ಸೊಸೆಗೆ. "ಇದು ಕೇಳ್ತಿದೆ."

ಗೈಡ್ ಮೆಟ್ಟಿಲ ಕಡೆ ನೋಡಿದಳು. ಕೂಗಿದರೆ ಆ ಇಕ್ಕಟ್ಟಿನಲ್ಲಿ ಜನ ಒಬ್ಬರನ್ನೊಬ್ಬರು ತುಳಿದುಬಿಡುತ್ತಾರೆ. ಎಂದಿನ ದನಿಯಲ್ಲೇ, ಈ ಕಥೆಯ ಮುಂದಿನ ಭಾಗವನ್ನು ಬಿಸಿಲಲ್ಲಿ ನಿಂತೇ ಕೇಳಬೇಕು ಎಂದು, ಒಬ್ಬೊಬ್ಬರನ್ನೇ ಮೇಲೆ ಹತ್ತಿಸಿದಳು. ಫೋಟೊ ಸಿಗಲಿಲ್ಲವೆಂದು ಒಬ್ಬ ಗೊಣಗಿದ. ಮಾಲೀಕರ ಮುಖ ಕೆಂಪಾಗಿತ್ತು. ಸರ್, ನೀವೂ ಬನ್ನಿ ಎಂದಳು. ಲಾಟೀನುಗಳನ್ನು ಹೀಗೆ ಬಿಟ್ಟು ಬರೋಕಾಗುತ್ತಾ ಎಂದು ಅವರು ಒಂದೊಂದಾಗಿ ಎತ್ತಿಕೊಳ್ಳತೊಡಗಿದರು.

ಮೇಲೆ ಬಂದವಳೇ ಮೈದುನನಿಗೆ ಫೋನ್ ಮಾಡಿ, ಒಂದು ಗಳಿಗೆ ಯಂತ್ರ ನಿಲ್ಲಿಸೋಕೆ ಹೇಳು ಎಂದಳು.

"ಯಾವ ಯಂತ್ರ ಅತ್ತಿಗೆ? ಅದು ಬೆಳಗ್ಗೇನೇ ಕೆಟ್ಟು ನಿಂತಿದೆ. ನಾವೆಲ್ಲ ದಡದಲ್ಲೇ ಕೂತಿದ್ದೀವಿ."

ಅವಳು ಫೋನ್ ಕಿವಿಯಲ್ಲಿಟ್ಟುಕೊಂಡೇ ಮೆಟ್ಟಿಲ ಕಡೆ ಓಡಿದಳು. ಎರಡು ಸಲ ಕರೆದಳು. ಬಂದೆ ಬಂದೆ ಎಂಬ ದನಿ ಬಂತು, ಗಾಜಿಗೆ ಗಾಜು ತಾಗಿದ ಸದ್ದು ಬಂತು. ಆಮೇಲೆ ಮೂಟೆ ಕುಸಿದ ಹಾಗೆ, ಅಷ್ಟೇನೂ ದೊಡ್ಡದಲ್ಲದ ಒಂದು ಸದ್ದು. ಕೆಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ರಾಚಿತು, ಅದರ ಬೆನ್ನಿಗೇ ಕಪ್ಪು ನೀರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಅವಳ ಪಾದದ ಹತ್ತಿರ ನಿಂತಿತು. ಅದರ ಮೇಲೆ ಏನೂ ತೇಲಲಿಲ್ಲ.

ಮುಳುಗುಗಾರರಿಗೆ ಲಾಟೀನುಗಳು ಸಿಕ್ಕವು. ಮಾಲೀಕರು ಸಿಗಲಿಲ್ಲ. ಅವರ ಹೆಂಡತಿಯ ಮುಂದೆ ಕೂತು ಅವಳು ನಡೆದದ್ದನ್ನೆಲ್ಲ ಹೇಳಿದಳು. ನೆಲಮಾಳಿಗೆಯ ಬಾಯಿಗೆ ಕಾಂಕ್ರೀಟ್ ಸುರಿದರು. ಯಂತ್ರ ರಿಪೇರಿಯಾಗಿ ಮತ್ತೆ ಕೆಲಸ ಶುರುವಾಯಿತು. ಮೈದುನ ಆ ಕೆಲಸ ಬಿಟ್ಟ.

ಅವಳು ಬಿಡಲಿಲ್ಲ. ಒಂದು ಮಧ್ಯಾಹ್ನ ಗುಂಪಿನೊಂದಿಗೆ ಸುಂಕದ ಮನೆಯ ಪಕ್ಕದ ಬೀದಿಯಲ್ಲಿ ಹೋಗುವಾಗ ದರ್ಜಿಯೊಬ್ಬ ಕೈಬೀಸಿ ಕರೆದ. ಅಂಗಡಿಯ ನೆಲ ಯಾಕೋ ನಿನ್ನೆಯಿಂದ ಒದ್ದೆ, ಎಷ್ಟು ಒರೆಸಿದರೂ ಒಣಗುತ್ತಿಲ್ಲ ಎಂದ. ಅವಳು ಬಗ್ಗಿ ನೆಲಕ್ಕೆ ಅಂಗೈ ಊರಿದಳು. ಅಂಗೈಯಡಿ ನೆಲ ಸಣ್ಣಗೆ ಅದುರುತ್ತಿತ್ತು.

"ಅಣ್ಣಾ, ಒಳಗೆ ಯಾರಿದ್ದಾರೆ?" ಎಂದಳು.

ಅಮ್ಮ ಮಲಗಿದ್ದಾರೆ ಎಂದ ಅವನು.

"ಎಬ್ಬಿಸಿ. ಈಗಲೇ."