ಗೂಡಿನಲ್ಲಿ ಉಳಿದ ಜೋಡು

ಸಂಜೆ ಐದಕ್ಕೆ, ಲಖನೌದ ದೊಡ್ಡ ಇಮಾಂಬಾಡಾದ ಬಾಗಿಲು ಹಾಕುವ ಹೊತ್ತಿನಲ್ಲಿ, ಜೋಡು ಕಾಯುವ ಬಿಟ್ಟನ್ ಬುವಾಳ ಗೂಡಿನಲ್ಲಿ ಒಂದು ಜೊತೆ ಬೂಟು ಉಳಿದುಬಿಟ್ಟಿತ್ತು. ಹಿಮ್ಮಡಿ ತುಳಿದು ತುಳಿದು ಚಪ್ಪಟೆಯಾದ ಕಂದು ಬಣ್ಣದ ಕ್ಯಾನ್ವಾಸ್ ಬೂಟು. ಎಡಗಾಲಿನದರ ಮೂತಿಯ ಮೇಲೆ ಒಣಗಿದ ಸುಣ್ಣದ ಕಲೆ.

ಶಬ್ಬರ್ ಹುಸೇನ್ ಆ ಕಲೆ ನೋಡಿದ. ಬೂಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಮತ್ತೆ ಗೂಡಿನಲ್ಲಿಟ್ಟ.

ಇಪ್ಪತ್ತೆರಡು ವರ್ಷದಿಂದ ಅವನು ಇಲ್ಲಿ ಗೈಡು. ಅವನಿಗಿಂತ ಮುಂಚೆ ಅವನ ಅಪ್ಪ ಗೈಡಾಗಿದ್ದ. ಅಪ್ಪ ಸಾಯುವ ಮುಂಚೆ ಕಲಿಸಿಕೊಟ್ಟ ವಿದ್ಯೆಯಲ್ಲಿ ಶಬ್ಬರ್ ಮರೆಯದೆ ಉಳಿಸಿಕೊಂಡಿದ್ದು ಒಂದೇ: ಮುಖ ಎಣಿಸಬೇಡ, ಜೋಡು ಎಣಿಸು. ಜನ ಚದುರುತ್ತಾರೆ, ಒಬ್ಬ ಮಾಳಿಗೆಯ ಮೇಲೆ ಫೋಟೋ ತೆಗೆಯುತ್ತಾ ನಿಂತರೆ ಇನ್ನೊಬ್ಬ ಬಾವಿಯ ಕಡೆ ಇಳಿದಿರುತ್ತಾನೆ. ಎಲ್ಲರೂ ಬಂದರು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಮಾಘದ ಚಳಿಯಲ್ಲಿ ಬರಿಗಾಲಿನಲ್ಲಿ ಯಾವನೂ ಮನೆಗೆ ಹೋಗುವುದಿಲ್ಲ. ಗೂಡಿನಲ್ಲಿ ಜೋಡು ಇದೆಯೆಂದರೆ ಮನುಷ್ಯ ಒಳಗಿದ್ದಾನೆ.

ಒಳಗಿರುವ ಮನುಷ್ಯ ಯಾರು ಅನ್ನುವುದು ಶಬ್ಬರನಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಬಿಟ್ಟು ಬಂದವನು ಅವನೇ.

ಮಧ್ಯಾಹ್ನ ಮೂರರ ಗುಂಪಿನಲ್ಲಿ ಹನ್ನೆರಡು ಜನ ಇದ್ದರು. ಹನ್ನೊಂದು ಜನ ಬಿಜ್ನೋರಿನಿಂದ ಮದುವೆಗೆ ಬಂದವರು. ಹನ್ನೆರಡನೆಯವನು ಒಬ್ಬ ಮುದುಕ, ಕುತ್ತಿಗೆಗೆ ಹಸಿರು ಮಫ್ಲರು, ಕೈಯಲ್ಲೊಂದು ಬಟ್ಟೆ ಚೀಲ. ಹೆಸರು ಬುದ್ಧೂ ಲಾಲ್, ಊರು ಸಂಡೀಲಾ, ಗಾರೆ ಕೆಲಸದ ಮೇಸ್ತ್ರಿ. ಇಷ್ಟನ್ನೂ ಅವನು ಮೆಟ್ಟಿಲು ಹತ್ತುವಾಗ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಾ, ಯಾರೂ ಕೇಳದೆ ಹೇಳಿದ್ದ. ಎಪ್ಪತ್ತು ದಾಟಿತ್ತು. ಒಬ್ಬನೇ ಬಂದಿದ್ದ. ಏಳು ಗಂಟೆಯ ರೈಲಿಗೆ ವಾಪಸು ಹೋಗಬೇಕಿತ್ತು.

ಭೂಲ್‌ಭುಲಯ್ಯಾ ಅನ್ನುವ ಜಟಿಲ ದಾರಿಗಳ ಜಾಲದೊಳಗೆ ಹೋದ ಮೇಲೆ ಶಬ್ಬರ್ ತನ್ನ ಮಾತು ಶುರುಮಾಡಿದ. ಕಬ್ಬಿಣವಿಲ್ಲ, ತೊಲೆಯಿಲ್ಲ, ಇಷ್ಟು ದೊಡ್ಡ ಛಾವಣಿ ಗಾಳಿಯಲ್ಲಿ ನಿಂತಿದೆ. ಯಾಕೆಂದರೆ ಗಾರೆಗೆ ಮೂಟೆಗಟ್ಟಲೆ ಉದ್ದಿನಬೇಳೆ ರುಬ್ಬಿ ಹಾಕಿದ್ದಾರೆ. ಇದನ್ನು ಅವನು ದಿನಕ್ಕೆ ಆರು ಸಲ ಹೇಳುತ್ತಿದ್ದ.

"ಉದ್ದು ಹಾಕ್ತಿದ್ರು, ನಿಜ ಮಿಯಾ," ಅಂದ ಮುದುಕ ಹಿಂದಿನಿಂದ. "ಆದ್ರೆ ತಾವು ಹೇಳೋ ಅಳತೇಲಿ ಹಾಕಿದ್ರೆ ಇದು ಇಮಾಂಬಾಡಾ ಆಗ್ತಿರಲಿಲ್ಲ, ವಡೆ ಆಗ್ತಿತ್ತು."

ಮದುವೆಯ ಜನ ಗೊಳ್ಳೆಂದು ನಕ್ಕರು. ಶಬ್ಬರನ ಕಿವಿ ಬಿಸಿಯಾಯಿತು. ಹಗಲು ಬಡವರು ಕಟ್ಟಿದ್ದನ್ನು ರಾತ್ರಿ ಸರದಾರರು ಬಂದು ಕೆಡವುತ್ತಿದ್ದರು, ಬರಗಾಲದಲ್ಲಿ ಎಲ್ಲರಿಗೂ ಕೂಲಿ ಸಿಗಲಿ ಅಂತ ನವಾಬರು ಹೀಗೆ ಮಾಡಿಸಿದರು ಅನ್ನುವ ಕಥೆಗೆ ಬಂದ. ಈ ಕಥೆ ಕೇಳಿ ಹೆಂಗಸರು ಕಣ್ಣೊರೆಸಿಕೊಳ್ಳುವುದನ್ನೂ ಅವನು ನೋಡಿದ್ದ.

"ಹಸಿ ಗಾರೆ ಕೆಡವಿದ್ರೆ ಮಾರನೇ ದಿನ ಅದ್ರ ಮೇಲೆ ಗಾರೆ ಕೂರುತ್ತಾ?" ಅಂದ ಮುದುಕ. "ಕೆಡವಿದೋನು ಸರದಾರ ಇರಬೋದು. ಈ ಕಥೆ ಕಟ್ಟಿದೋನು ಮಾತ್ರ ಕರಣೆ ಹಿಡಿದೋನಲ್ಲ."

ಲಖನೌದಲ್ಲಿ ಬೈಯುವವರೂ 'ತಾವು' ಅಂತಲೇ ಬೈಯುತ್ತಾರೆ. ಆ ಊರಿನಲ್ಲಿ ಹುಟ್ಟಿದ್ದರೂ ಶಬ್ಬರನ ಸಿಟ್ಟಿಗೆ ಆ ನಯ ಬಂದಿರಲಿಲ್ಲ. ಅವನ ಹೆಂಡತಿ ಕನೀಜ್ ಇದನ್ನೇ ದಿನಾ ಹೇಳುತ್ತಿದ್ದಳು: ನಿಮ್ಮ ನಾಲಿಗೆ ಮುಂದೆ ಹೋಗುತ್ತೆ, ನೀವು ಹಿಂದೆ ಕುಂಟಿಕೊಂಡು ಹೋಗಿ ಮಾಫಿ ಕೇಳಬೇಕು, ಅದನ್ನೂ ಕೇಳಲ್ಲ.

ಜಟಿಲ ದಾರಿಯ ನಟ್ಟನಡುವೆ ಎಲ್ಲ ಗೈಡುಗಳೂ ಆಡುವ ಒಂದು ಆಟ ಇದೆ. "ಈಗ ದಾರಿ ನೀವೇ ಹುಡುಕಿ" ಅಂತ ಹೇಳಿ ಗುಂಪನ್ನು ಬಿಟ್ಟು, ತಿರುವಿನ ಹಿಂದೆ ಅಡಗಿ ನಿಲ್ಲುವುದು. ಎರಡು ನಿಮಿಷ ಅವರು ಒಂದೇ ಥರದ ಬಾಗಿಲುಗಳ ನಡುವೆ ಸುತ್ತಿ, ಕಿರುಚಿ, ನಗುತ್ತಾರೆ. ಆಮೇಲೆ ಹೋಗಿ ಕರೆದುಕೊಂಡು ಬರುವುದು.

ಶಬ್ಬರ್ ಆವತ್ತು ಹೇಳಿದ್ದೂ ಅದೇ ಮಾತು. "ಅಷ್ಟೆಲ್ಲಾ ಗೊತ್ತಿರೋರಿಗೆ ಗೈಡ್ ಯಾಕೆ, ಮೇಸ್ತ್ರಿ ಸಾಹೇಬ್ರೆ? ದಾರಿ ತಾವೇ ಹುಡುಕ್ಕೊಂಡು ಬನ್ನಿ. ಬನ್ರೀ ಎಲ್ರೂ ನನ್ನ ಹಿಂದೆ!"

ಆದರೆ ತಿರುವಿನ ಹಿಂದೆ ನಿಲ್ಲಲಿಲ್ಲ. ಹನ್ನೊಂದು ಜನರನ್ನು ಕರೆದುಕೊಂಡು ಸೀದಾ ಹೊರಗೆ ಬಂದ. ಸ್ವಲ್ಪ ಹೊತ್ತು ಸುತ್ತಲಿ, ಬುದ್ಧಿ ಬರುತ್ತದೆ, ಆಮೇಲೆ ಹೋಗಿ ಕರೆತಂದರಾಯಿತು ಅಂದುಕೊಂಡ. ಅಷ್ಟರಲ್ಲಿ ಬರೇಲಿಯ ಶಾಲೆಯೊಂದರ ಅರವತ್ತು ಮಕ್ಕಳು ಬಂದಿಳಿದರು. ಸಿಟ್ಟು ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಹೋಗಿತ್ತು. ಅದರ ಜೊತೆಗೆ ಮುದುಕನೂ ಮನಸ್ಸಿನಿಂದ ಹೋಗಿದ್ದ.

ಅದಾಗಿ ಈಗ ಎರಡು ಗಂಟೆಯ ಹತ್ತಿರ ಕಳೆದಿತ್ತು. ಗೂಡಿನಲ್ಲಿ ಬೂಟು ಕೂತಿತ್ತು. ಅದನ್ನು ಕಾಯುವ ಬಿಟ್ಟನ್ ಬುವಾ ಎಲ್ಲೂ ಕಾಣಲಿಲ್ಲ.

"ಅಚ್ಛನ್! ಬೀಗ ಹಾಕ್ಬೇಡ!" ಶಬ್ಬರ್ ಬರಿಗಾಲಿನಲ್ಲಿ ಮೆಟ್ಟಿಲ ಕಡೆ ಓಡಿದ.

ಬೀಗದ ಗೊಂಚಲು ಹಿಡಿದು ನಿಂತಿದ್ದ ಕಾವಲುಗಾರ ಅಚ್ಛನ್ ಆರಾಮವಾಗಿ ಪಾನ್ ಜಗಿಯುತ್ತಿದ್ದ. "ಮೇಲೆ ಯಾರೂ ಇಲ್ಲ ಭಾಯಿ. ಎರಡು ಸಲ ಕೂಗಿ ಬಂದೆ."

"ಕೂಗಿದ್ರೆ ಅವನಿಗೆ ಕೇಳಬೇಕಲ್ಲ! ಕೆಳಗೆ ಜೋಡು ಉಳಿದಿದೆ. ನನ್ನ ಗುಂಪಿನ ಮುದುಕ. ಕೆಮ್ಮಿನ ಮನುಷ್ಯ."

"ತಮ್ಮ ಗುಂಪಿನೋನು ಒಳಗೆ ಹೆಂಗೆ ಉಳ್ಕೊಂಡ?"

"ನಾನು ಬಿಟ್ಟೆ," ಅಂದ ಶಬ್ಬರ್. "ಟಾರ್ಚ್ ತಗೋ. ನೀನು ಪೂರ್ವದ ಕಡೆಯಿಂದ ಹೋಗು."

ಅಚ್ಛನ್ ಪಾನ್ ಉಗಿದು ಹೊರಟ.

ಒಳಗೆ ಬೆಳಕು ಹೋಗಿತ್ತು. ಗೋಡೆಯ ಕಿಂಡಿಗಳಲ್ಲಿ ಮಂಜು ತುಂಬಿಕೊಂಡಿತ್ತು. ಶಬ್ಬರ್ ಫೋನಿನ ಬೆಳಕು ಹಿಡಿದು ಮುದುಕನನ್ನು ಬಿಟ್ಟ ಜಾಗಕ್ಕೆ ಬಂದ. ಅಲ್ಲಿ ಯಾರೂ ಇರಲಿಲ್ಲ. ಎಡಕ್ಕೆ ಹೋದ, ಇಳಿದ, ಹತ್ತಿದ, ಮಾಳಿಗೆಗೆ ಹೋಗಿ ತಗ್ಗಿನ ಕಟ್ಟೆಯಿಂದ ಕೆಳಗೆ ಬಗ್ಗಿ ನೋಡಿದ. ಅಂಗಳದಲ್ಲಿ ಏನೂ ಬಿದ್ದಿರಲಿಲ್ಲ. ಆ ಒಂದು ಕ್ಷಣಕ್ಕೆ ಉಸಿರು ಬಂತು. ಮತ್ತೆ ಕತ್ತಲ ದಾರಿಯನ್ನು ನೆನೆದೊಡನೆ ಹೋಯಿತು. ಇಪ್ಪತ್ತೆರಡು ವರ್ಷ ಕಣ್ಣು ಮುಚ್ಚಿಕೊಂಡು ಓಡಾಡಿದ ದಾರಿಯಲ್ಲಿ ಅವನಿಗೆ ಈಗ ಪ್ರತಿ ತಿರುವಿನಲ್ಲೂ ಒಬ್ಬ ಮುದುಕ ಮೊಣಕಾಲಿಗೆ ತಲೆಯಿಟ್ಟು ಕೂತ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಬರೀ ಗೋಡೆ.

"ಮೇಸ್ತ್ರಿ ಸಾಹೇಬ್ರೆ! ಓ ಬುದ್ಧೂ ಲಾಲ್ ಜೀ!"

ಕೂಗು ನೂರು ಬಾಗಿಲಿಗೆ ಹೊಡೆದು ನೂರು ಕಡೆಯಿಂದ ವಾಪಸು ಬಂತು. ಕೂಗಿ ಪ್ರಯೋಜನವಿಲ್ಲ ಅನ್ನುವುದು ಅವನಿಗೆ ಗೊತ್ತಿದ್ದ ಸಂಗತಿಯೇ. ಈ ಕಟ್ಟಡಕ್ಕೆ ಗಟ್ಟಿ ಮಾತು ಆಗಿಬರುವುದಿಲ್ಲ. ದೊಡ್ಡ ಹಜಾರದ ಮೇಲಿನ ಮೊಗಸಾಲೆಯ ಒಂದು ತುದಿಯಲ್ಲಿ ಬೆಂಕಿಕಡ್ಡಿ ಗೀರಿದರೆ ಇನ್ನೊಂದು ತುದಿಯಲ್ಲಿ ಆ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಪಿಸುಗುಟ್ಟಿದರೂ ಕೇಳುತ್ತದೆ. ದಿನಕ್ಕೆ ಆರು ಸಲ ಅದನ್ನು ಮಾಡಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡವನು ಅವನು.

ಮೊಗಸಾಲೆಗೆ ಬಂದು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿ ಗೀರಿದ. ಉಸಿರು ಹಿಡಿದು ಕೇಳಿದ. ಕೆಮ್ಮಿಲ್ಲ, ಏನೂ ಇಲ್ಲ. ಕಡ್ಡಿ ಉರಿದು ಬೆರಳು ಸುಟ್ಟಿತು. ಇನ್ನೊಂದು ಗೀರಿದ.

ಆಮೇಲೆ ಗೋಡೆಗೆ ಬಾಯಿ ಹಚ್ಚಿ, ಮಸೀದಿಯಲ್ಲಿ ಮಾತಾಡುವಷ್ಟು ಮೆಲ್ಲಗೆ ಹೇಳಿದ: "ಮೇಸ್ತ್ರಿ ಸಾಹೇಬ್ರೆ, ಎಲ್ಲಿದ್ರೂ ಅಲ್ಲೇ ಕೂತಿರಿ, ನಾನು ಬರ್ತೀನಿ. ತಪ್ಪು ನನ್ನದು. ನಿಮ್ಮ ಮಾತೇ ಸರಿ, ಗಾರೆ ವಿಷಯ ನನಗೆ ನಾಲ್ಕಾಣೆಯಷ್ಟೂ ಗೊತ್ತಿಲ್ಲ. ಅಪ್ಪ ಹೇಳಿದ್ದನ್ನೇ ಹೇಳ್ತಾ ಬಂದೆ. ಜನ ನಕ್ಕಿದ್ದಕ್ಕೆ ಸಿಟ್ಟು ಬಂತು. ಮಾಫ್ ಮಾಡಿ. ಒಂದ್ಸಲ ಕೆಮ್ಮಿ ಸಾಕು, ಹುಡುಕ್ಕೊಂಡು ಬರ್ತೀನಿ."

ಆಚೆ ತುದಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಮೇಸ್ತ್ರಿ ಸಾಹೇಬ್ರೆ!"

"ನಾನಪ್ಪಾ, ಅಚ್ಛನ್," ಅಂತು ಗೋಡೆ. "ಇಲ್ಲೂ ಇಲ್ಲ. ಎಲ್ಲಾ ದಾರಿ ನೋಡಿದೆ."

ಶಬ್ಬರ್ ಗೋಡೆಗೆ ಒರಗಿ ಕೂತುಬಿಟ್ಟ. ತನ್ನ ಮಾತು ಅಚ್ಛನ್‌ಗೆ ಕೇಳಿತಲ್ಲಾ ಅನ್ನುವ ನಾಚಿಕೆ ಕೂಡ ಹತ್ತಿರ ಬರಲಿಲ್ಲ.

ಪೊಲೀಸ್ ಚೌಕಿಗೆ ಹೇಳಿ ಹತ್ತಾಳು ಕರೆಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಬ್ಬರೂ ಕೆಳಗೆ ಬಂದರು. ಚೌಕಿಗೆ ಓಡಲು ಚಪ್ಪಲಿ ಮೆಟ್ಟಿಕೊಳ್ಳೋಣ ಅಂತ ಶಬ್ಬರ್ ಗೈಡುಗಳ ಜೋಡಿಗೆಂದು ಇಟ್ಟ ಪಕ್ಕದ ಹಲಗೆಗೆ ಕೈ ಹಾಕಿದ. ಹಲಗೆ ಖಾಲಿ.

ಬಗ್ಗಿ ನೋಡಿದ. ಕೆಳಗೂ ಇಲ್ಲ. ಕನೀಜ್ ಈದ್‌ಗೆ ಕೊಡಿಸಿದ ಹೊಸ ಚರ್ಮದ ಚಪ್ಪಲಿ, ಹಿತ್ತಾಳೆ ಗುಂಡಿಯದು.

ಬೇರೆ ದಿನವಾಗಿದ್ದರೆ ಅವನ ಗರ್ಜನೆಗೆ ಗುಮ್ಮಟದ ಪಾರಿವಾಳಗಳೆಲ್ಲ ಎದ್ದು ಹೋಗಬೇಕಿತ್ತು. ಆವತ್ತು ಅವನು ಖಾಲಿ ಹಲಗೆ ನೋಡಿದ. ಪಕ್ಕದ ಗೂಡಿನ ಕಂದು ಬೂಟು ನೋಡಿದ. ಮತ್ತೆ ಹಲಗೆ ನೋಡಿದ.

"ಅಚ್ಛನ್," ಅಂದ ಮೆಲ್ಲಗೆ. "ನನ್ನ ಚಪ್ಪಲಿ ಇಲ್ಲ ಕಣೋ."

"ಈಗ ಚಪ್ಪಲಿ ಚಿಂತೆನಾ ತಮಗೆ?"

"ಚಪ್ಪಲಿ ಇಲ್ಲ ಅಂದ್ರೆ ಅದನ್ನ ಯಾರೋ ಹಾಕ್ಕೊಂಡು ಹೋಗಿದ್ದಾರೆ. ಬೂಟು ಬಿಟ್ಟು ಹೋಗಿದ್ದಾರೆ. ಹೋಗಿದ್ದಾರೆ, ಅಚ್ಛನ್! ಹೊರಗೆ!"

ಅದೇ ಹೊತ್ತಿಗೆ ಬಿಟ್ಟನ್ ಬುವಾ ಅಂಗಳ ದಾಟಿ ಬಂದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕೆಂಪು ಸ್ವೆಟರ್ ತೊಟ್ಟ ಮೇಕೆ. "ಹಾಳು ಮುಂಡೇದು! ಗೂಟ ಕಿತ್ಕೊಂಡು ಚೌಕದವರೆಗೆ ಓಡಿಸ್ತು ನನ್ನ. ನೀವಿಬ್ರೂ ಯಾಕ್ರಪ್ಪಾ ಹೆಣ ನೋಡಿದೋರ ಥರ ನಿಂತಿದ್ದೀರಿ?"

"ಬುವಾ, ನನ್ನ ಚಪ್ಪಲಿ?"

"ಅಯ್ಯೋ, ಹೇಳೋಕೆ ಮರೆತೆ!" ಬುವಾ ಹಣೆ ಬಡಿದುಕೊಂಡಳು. "ಹಸಿರು ಮಫ್ಲರಿನ ಮುದುಕ ಬಂದಿತ್ತು. ನಿನ್ನ ಗುಂಪು ಹೋಗಿ ಆಗಿನ್ನೂ ಕಾಲು ಗಂಟೆ ಆಗಿರಲಿಲ್ಲ. 'ಆ ಗೈಡ್ ಸಾಹೇಬ್ರ ಜೋಡು ಯಾವುದಮ್ಮಾ' ಅಂತು. ತೋರಿಸಿದೆ. ಹಾಕ್ಕೊಂತು. 'ನನ್ನದು ಇಲ್ಲೇ ಇರಲಿ, ಅವರು ಹುಡುಕಿದ್ರೆ ರೂಮಿ ದರ್ವಾಜಾ ಹತ್ರ ಚಹಾ ಅಂಗಡೀಲಿ ಇರ್ತೀನಿ ಅಂತ ಹೇಳು' ಅಂತು. ನೀನೇ ಕಳಿಸಿದ್ದೀಯ ಅಂದ್ಕೊಂಡೆ. ಆಮೇಲೆ ಆ ಶಾಲೆ ಮಕ್ಕಳ ಗದ್ದಲ, ಅದು ಮುಗಿಯೋಷ್ಟರಲ್ಲಿ ಈ ಶನಿ ಗೂಟ ಕಿತ್ತಿತು."

ಶಬ್ಬರ್ ಆಕಾಶ ನೋಡಿದ. ಚಪ್ಪಲಿ ಕಳುವಾಗಿದ್ದಕ್ಕೆ ದೇವರಿಗೆ ಎರಡೂ ಕೈ ಎತ್ತಿ ಶುಕ್ರಿಯಾ ಹೇಳಿದ. ಆಮೇಲೆ ಬಗ್ಗಿ ಮೇಕೆಯ ಹಣೆಗೆ ಮುತ್ತು ಕೊಟ್ಟ. ಮೇಕೆ ಗಾಬರಿಯಾಗಿ ಹಿಂದೆ ಸರಿಯಿತು.

"ಇವನಿಗೇನಾಗಿದೆ?" ಅಂದಳು ಬುವಾ.

ಕಂದು ಬೂಟನ್ನು ಎರಡು ಕೈಯಲ್ಲೂ ಹಿಡಿದು ಶಬ್ಬರ್ ಬರಿಗಾಲಿನಲ್ಲೇ ರಸ್ತೆಗೆ ಬಂದ. ಕಲ್ಲು ಮಂಜುಗಡ್ಡೆಯಂತಿತ್ತು. ಸಾಲಾಗಿ ನಿಂತ ಟಾಂಗಾದವರು ನೋಡಿದರು. ಒಬ್ಬ ಕೂಗಿದ: "ಶಬ್ಬರ್ ಮಿಯಾ, ಜೋಡು ಇರೋದು ಕಾಲಿಗೆ! ಅದನ್ನೂ ಗೈಡ್ ಬಂದು ಹೇಳಬೇಕಾ?" ಶಬ್ಬರ್ ನಕ್ಕ. ಅವನು ಬೈಯದೆ ನಕ್ಕಿದ್ದು ಕಂಡು ಟಾಂಗಾದವನು ಪಕ್ಕದವನ ಮುಖ ನೋಡಿದ.

ಚಹಾ ಅಂಗಡಿಯ ಬೆಂಚಿನ ಮೇಲೆ ಮುದುಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೇಲಿನ ಕಾಲಿನಲ್ಲಿ ಹಿತ್ತಾಳೆ ಗುಂಡಿಯ ಚಪ್ಪಲಿ ತೂಗಾಡುತ್ತಿತ್ತು.

"ಈಗ ಬಂದ್ರಾ?" ಅಂದ. "ಹತ್ತು ನಿಮಿಷದಲ್ಲಿ ಓಡಿ ಬರ್ತೀರಿ ಅಂತ ಲೆಕ್ಕ ಹಾಕಿದ್ದೆ. ಇದು ಆರನೇ ಚಹಾ. ಹೊಟ್ಟೇಲಿ ಗೋಮತಿ ಹೊಳೆ ಹರೀತಿದೆ."

ಶಬ್ಬರ್ ಬೂಟನ್ನು ಕೆಳಗಿಟ್ಟು ಮುದುಕನನ್ನು ಬೆಂಚಿನಿಂದ ಎತ್ತಿ ತಬ್ಬಿಕೊಂಡ. ಮುದುಕನ ಮೂಳೆ, ಮಫ್ಲರು, ಕೆಮ್ಮು ಎಲ್ಲವೂ ಅವನ ಎದೆಗೆ ತಾಗಿತು. ಬೆಚ್ಚಗಿದ್ದ ಮನುಷ್ಯ. ಶಬ್ಬರನ ಕಣ್ಣು ಒದ್ದೆಯಾಗಿದ್ದನ್ನು ಮುದುಕ ನೋಡಿದ, ಚೇಷ್ಟೆಯ ಮುಖ ಸ್ವಲ್ಪ ಇಳಿಯಿತು.

"ಅರೆ, ಒಳಗೆ ಹುಡುಕಿದ್ರಾ? ಆ ಅಮ್ಮ ಹೇಳಲಿಲ್ವಾ?"

"ಅವಳ ಮೇಕೆ ಓಡಿಹೋಗಿತ್ತು."

"ತಪ್ಪಾಯ್ತು ಮಗನೇ. ನಿನ್ನನ್ನ ಒಂದಿಷ್ಟು ದೂರ ಬರಿಗಾಲಲ್ಲಿ ನಡೆಸೋಣ ಅಂತಷ್ಟೇ ಇತ್ತು ಮನಸ್ಸಲ್ಲಿ."

"ಹೊರಗೆ ಹೆಂಗೆ ಬಂದ್ರಿ?"

"ನಲವತ್ತು ವರ್ಷದ ಹಿಂದೆ ನಮ್ಮ ಉಸ್ತಾದನ ಜೊತೆ ಇಲ್ಲಿ ನಾಲ್ಕು ತಿಂಗಳು ಗಿಲಾವು ಮಾಡಿದ್ದೀನಿ. ಅದನ್ನ ಸಾಯೋಕೆ ಮುಂಚೆ ಒಂದ್ಸಲ ಮುಟ್ಟಿ ನೋಡೋಣ ಅಂತಲೇ ಬಂದಿದ್ದು." ಮುದುಕ ತನ್ನ ಅಂಗೈ ನೋಡಿಕೊಂಡ. "ಇನ್ನೂ ಬಿಟ್ಟಿಲ್ಲ, ಗಟ್ಟಿಯಾಗಿದೆ. ದಾರಿ ಏನು ಮಹಾ? ಎಂಥ ಗೋಡೆ ಕಟ್ಟಿದ್ರೂ ಸಂಜೆ ಮೇಸ್ತ್ರಿ ಮನೆಗೆ ಹೋಗಬೇಕಲ್ಲ. ಆ ದಾರಿ ಹಿಡ್ಕೊಂಡು ಬಂದೆ."

ಅಷ್ಟರಲ್ಲಿ ಬೀಗ ಹಾಕಿ ಅಚ್ಛನ್ ಬಂದ. ಮುದುಕನನ್ನು ಮೇಲಿನಿಂದ ಕೆಳಗೆ ನೋಡಿ ಸಲಾಂ ಮಾಡಿದ. "ತಾವೇನಾ? ತಾವು ಒಳಗಿರಬೇಕಿತ್ತು ಸಾಹೇಬ್ರೆ. ಈ ಮನುಷ್ಯ ಗೋಡೆಗೆ ಬಾಯಿ ಹಚ್ಚಿ ಮಾಫಿ ಕೇಳಿದ್ದು ಕೇಳಿ ಕಟ್ಟಡವೇ ಬಿದ್ದುಹೋಗುತ್ತೆ ಅಂತ ಹೆದರಿದೆ. 'ಗಾರೆ ವಿಷಯ ನನಗೆ ನಾಲ್ಕಾಣೆಯಷ್ಟೂ ಗೊತ್ತಿಲ್ಲ' ಅಂದ!"

"ಹೌದಾ?" ಮುದುಕನ ಕಣ್ಣು ಹೊಳೆಯಿತು. "ಇನ್ನೊಂದ್ಸಲ ಹೇಳಿ ಮಿಯಾ, ನಾನು ಕೇಳಲಿಲ್ಲ."

"ಒಂದ್ಸಲ ಹೇಳಿದ್ದು ಆಯ್ತು!" ಶಬ್ಬರ್ ಗುಡುಗಿದ. "ದಿನಾ ಹೇಳೋಕೆ ಅದೇನು ಅಜಾನಾ? ಮೊದಲು ನನ್ನ ಚಪ್ಪಲಿ ಬಿಚ್ಚಿ!"

ಸಿಟ್ಟು ವಾಪಸು ಬಂದಿದ್ದು ಅವನಿಗೇ ಹಿತವಾಗಿತ್ತು. ಮುದುಕ ನಗುತ್ತಾ, ಕೆಮ್ಮುತ್ತಾ, ಚಪ್ಪಲಿ ಬಿಚ್ಚಿ ಬೂಟಿಗೆ ಕಾಲು ತೂರಿಸಿದ. ಬಟ್ಟೆ ಚೀಲದಿಂದ ಸಣ್ಣ ಮಣ್ಣಿನ ಕುಡಿಕೆ ತೆಗೆದು ಬಾಯಿಗೆ ಕಟ್ಟಿದ ಕೆಂಪು ಬಟ್ಟೆ ಬಿಚ್ಚಿದ. ಒಳಗೆ ಸಂಡೀಲಾದ ಲಡ್ಡು. ಒಂದನ್ನು ಶಬ್ಬರನ ಬಾಯಿಗೆ ಕೈಯಾರೆ ತುರುಕಿದ, ಇನ್ನು ಮಾತಾಡಬಾರದು ಅನ್ನುವ ಹಾಗೆ.

"ಬೆಲ್ಲ, ಬಿಲ್ವದ ಹಣ್ಣಿನ ತಿರುಳು, ಸುಣ್ಣ, ಸುಟ್ಟ ಇಟ್ಟಿಗೆ ಪುಡಿ," ಅಂದ. "ಉದ್ದು ಕೊನೇಲಿ, ಅದೂ ಒಂದು ಹಿಡಿ. ನಾಳೆಯಿಂದ ಹಂಗೆ ಹೇಳಿ. ಸರದಾರರ ಕಥೆ ಬೇಕಾದ್ರೆ ಇಟ್ಕೊಳ್ಳಿ, ಹೆಂಗಸ್ರಿಗೆ ಅದು ಚೆನ್ನಾಗಿತ್ತು."

ಏಳರ ರೈಲಿಗೆ ಶಬ್ಬರನೇ ಅವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದ. ಚಾರ್‌ಬಾಗ್ ನಿಲ್ದಾಣದಲ್ಲಿ ಬೋಗಿಯ ಬಾಗಿಲಲ್ಲಿ ನಿಂತ ಮುದುಕನ ಕಾಲಿನ ಕಡೆ ಒಂದು ಸಲ ನೋಡಿಕೊಂಡ. ಕಂದು ಬೂಟು, ಎಡದ ಮೂತಿಯ ಮೇಲೆ ಸುಣ್ಣದ ಕಲೆ. ರೈಲು ಹೊರಟಿತು.

ಮನೆಗೆ ಹೋಗುವ ದಾರಿ ಚೌಕದ ಕಡೆಯಿಂದ ಹತ್ತಿರ. ಆದರೂ ಶಬ್ಬರ್ ಸುತ್ತು ಬಳಸಿ ಇಮಾಂಬಾಡಾದ ಮುಂದೆ ಬಂದು ರಿಕ್ಷಾ ನಿಲ್ಲಿಸಿದ. ದೊಡ್ಡ ಬಾಗಿಲಿನ ಸರಳುಗಳ ನಡುವೆ ಕಣ್ಣಿಟ್ಟು ನೋಡಿದ. ಅಂಗಳದ ದೀಪದ ಕೆಳಗೆ ಬಿಟ್ಟನ್ ಬುವಾಳ ಗೂಡು ಕಾಣುತ್ತಿತ್ತು. ಎಲ್ಲಾ ಖಾನೆಗಳೂ ಖಾಲಿ. ಮತ್ತೊಂದು ಸಲ ಎಣಿಸಿ ನೋಡಿ, ರಿಕ್ಷಾ ಹತ್ತಿದ.